ಎರಡು ಫೋಟೋ, ನಡುವೆ ಒಂದು ಕಾಗೆ

ಅಂಚೆಯಲ್ಲಿ ನನ್ನ ಕಾರಿನ ಎರಡು ಫೋಟೋ ಬಂದವು. ತೆಗೆದವರು ಯಾರೋ ಗೊತ್ತಿಲ್ಲ, ತೆಗೆಯುವಾಗಲೂ ಗೊತ್ತಾಗಿರಲಿಲ್ಲ. ಒಂದರಲ್ಲಿ ಕಾರು ಅಂಗಡಿಯ ಆವರಣದೊಳಕ್ಕೆ ಬರುತ್ತಿದೆ, ಇನ್ನೊಂದರಲ್ಲಿ ಹೊರಗೆ ಹೋಗುತ್ತಿದೆ. ಕೆಳಗೆ ಗಂಟೆ, ನಿಮಿಷ. ಎರಡನೆಯ ಫೋಟೋದಲ್ಲಿ ಗಾಜಿನ ಹಿಂದೆ ನನ್ನ ಮುಖ ಮಸುಕಾಗಿ ಕಾಣುತ್ತದೆ, ಪಕ್ಕದ ಸೀಟಿನಲ್ಲಿ ಕಪ್ಪಗೆ ಯಾರೋ ಕೂತ ಹಾಗಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನ್ನ ಕೋಟು. ಕೋಟೇ ಇರಬೇಕು.

ಆ ಎರಡು ಫೋಟೋಗಳ ನಡುವಿನ ಹೊತ್ತಿನಲ್ಲಿ ನಾನು ತೀರಿಹೋದ ನನ್ನ ಅಕ್ಕನ ಜತೆ ಮಾತಾಡುತ್ತಿದ್ದೆ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

ಇಲ್ಲಿ, ಉತ್ತರ ಇಂಗ್ಲೆಂಡಿನ ಈ ಸಣ್ಣ ಊರಿನಲ್ಲಿ, ಇದಕ್ಕೆ ಪಾರ್ಕಿಂಗ್ ಚಾರ್ಜ್ ಎನ್ನುತ್ತಾರೆ. ಪೊಲೀಸರ ದಂಡವಲ್ಲ. ಅಂಗಡಿಯವರು ತಮ್ಮ ಜಾಗವನ್ನು ನೋಡಿಕೊಳ್ಳಲು ಯಾವುದೋ ಖಾಸಗಿ ಕಂಪನಿಗೆ ಕೊಟ್ಟಿರುತ್ತಾರೆ. ಎರಡು ಗಂಟೆ ಪುಕ್ಕಟೆ. ಅದು ಮೀರಿದರೆ ಕಂಬದ ಮೇಲಿನ ಕ್ಯಾಮೆರಾ ಲೆಕ್ಕ ಹಿಡಿದು, ದುಡ್ಡು ಕಟ್ಟಿ ಎಂದು ಮನೆಗೆ ಕಾಗದ ಕಳಿಸುತ್ತದೆ. ನಮ್ಮ ಹೊನ್ನಾಳಿ ಬಸ್‌ ಸ್ಟ್ಯಾಂಡಿನ ಪಕ್ಕ ಸ್ಕೂಟರ್ ಬಿಟ್ಟು ಸಂಜೆ ತಡವಾಗಿ ಬಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಸ್ಟ್ಯಾಂಡಿನವನು ‘ಏನಕ್ಕಾ, ಇಷ್ಟೊತ್ತು ಬಿಟ್ರೆ ಹೆಂಗೆ?’ ಎನ್ನುತ್ತಾನೆ. ನಾವು ‘ಬಸ್ಸು ತಡ ಆತು ಕಣಪ್ಪಾ, ನಾನೇನು ಡ್ರೈವರ್ರಾ?’ ಎನ್ನುತ್ತೇವೆ. ಅವನು ಗೊಣಗುತ್ತಾನೆ, ನಾವೂ ಗೊಣಗುತ್ತೇವೆ, ಕೊನೆಗೆ ಅವನೇ ಗಾಡಿ ಹೊರಗೆ ತೆಗೆದುಕೊಡುತ್ತಾನೆ. ಇಲ್ಲಿ ಬೈಯಲೂ ಒಂದು ಮುಖವಿಲ್ಲ. ಮುಖವೇ ಇಲ್ಲದವನ ಜತೆ ಜಗಳ ಆಡುವುದು ಹೇಗೆ ಹೇಳಿ!

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಾವು ಗೋವಿನಕೋವಿಯ ಮೂವರು ಹೆಣ್ಣುಮಕ್ಕಳು. ದೊಡ್ಡವಳು ರೇಣುಕಕ್ಕ, ನಡುವಿನವಳು ನಾನು ಶಾಂತಿ, ಕೊನೆಯವಳು ಗೌರಿ. ಗೌರಿಗೆ ಮೂವತ್ತು ದಾಟಿದೆ, ಬುದ್ಧಿ ಮಾತ್ರ ಸಣ್ಣ ಮಗುವಿನದು. ಅವಳಿಗೆ ಜಡೆ ಹಾಕಬೇಕು, ಅನ್ನ ಕಲಸಿ ಕೊಡಬೇಕು, ಗುಡುಗಿದರೆ ಪಕ್ಕದಲ್ಲಿ ಮಲಗಬೇಕು. ಅಪ್ಪ, ಅವ್ವ ಹೋದ ಮೇಲೆ ಅಕ್ಕ ಅವಳನ್ನು ಕೆರೆಬಿಳಚಿಗೆ, ತನ್ನ ಗಂಡನ ಮನೆಗೆ ಕರೆದುಕೊಂಡು ಹೋದಳು. ಅಕ್ಕನಿಗೆ ಮಕ್ಕಳಾಗಲಿಲ್ಲ, ಗೌರಿಯೇ ಮಗಳಾದಳು. ನನಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ನಾನು ಹಿಂದೆಮುಂದೆ ನೋಡುತ್ತಿದ್ದೆ. ‘ಹೋಗೇ, ಓದಿದ್ದಕ್ಕೆ ಬೆಲೆ ಸಿಗೋ ಕಡಿಗೆ ಹೋಗು. ಇವಳಿಗೆ ನಾನಿದೀನಿ’ ಎಂದು ಬೈದು ಕಳಿಸಿದವಳು ಅಕ್ಕ.

ಹಾಗೆ ಬಂದೆ. ಕೆಲಸ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿನಲ್ಲಿ. ನನ್ನ ವೀಸಾದ ಮೇಲೆ ಗಂಡ ನಾಗರಾಜ, ಮಗ ಅಭಿ ಬಂದರು. ಲಾಂಡ್ರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ, ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತದೆ. ಎದುರಿಗೆ ಬಂದವರೆಲ್ಲ ‘ಆಲ್‌ರೈಟ್?’ ಎಂದು ಕೇಳುತ್ತಾರೆ. ಮೊದಲ ವರ್ಷ ನಾನು ನಿಂತು, ಬೆನ್ನು ನೋವು, ಮಗನ ಶೀತ ಎಲ್ಲ ಒಪ್ಪಿಸುತ್ತಿದ್ದೆ. ಪಾಪ, ಅವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಅದು ಪ್ರಶ್ನೆಯಲ್ಲ, ನಮಸ್ಕಾರ ಎಂದು ಆಮೇಲೆ ಗೊತ್ತಾಯಿತು. ಮಂಡಕ್ಕಿ ಬೇಕೆಂದರೆ ರೈಲು ಹತ್ತಿ ದೊಡ್ಡ ಊರಿನ ಗುಜರಾತಿ ಅಂಗಡಿಗೆ ಹೋಗಬೇಕು. ಅದೆಲ್ಲ ಅಭ್ಯಾಸವಾಯಿತು. ಪರರ ತಾಯಂದಿರ ತಲೆ ಬಾಚುವಾಗ ಗೌರಿಯ ಜಡೆ ನೆನಪಾಗುವುದು ಮಾತ್ರ ಅಭ್ಯಾಸವಾಗಲಿಲ್ಲ.

ಅಕ್ಕ ಎದೆ ನೋವೆಂದವಳು ಶಿವಮೊಗ್ಗದ ಆಸ್ಪತ್ರೆ ಮುಟ್ಟಲೇ ಇಲ್ಲ. ನಮ್ಮಲ್ಲಿ ಮಣ್ಣು ಮಾಡುವುದು ಅಂದೇ. ನಾನು ರಜೆ ಕೇಳಿ, ಟಿಕೆಟ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೆಯ ದಿನ ಸಮಾಧಿಗೆ ಹಾಲು-ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು, ದೂರ ನಿಂತು ಕಾಗೆಗೆ ಕಾಯುವುದು ನಿಮಗೇನು ಹೊಸದಲ್ಲ. ಕಾಗೆ ಮುಟ್ಟಿದರೆ ಜೀವಕ್ಕೆ ನೆಮ್ಮದಿ. ಮುಟ್ಟದಿದ್ದರೆ ಏನೋ ಉಳಿದಿದೆ ಎಂದು ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಡುತ್ತಾರೆ. ಅಂದು ಹಾಲೇಶ ಭಾವ, ಅಕ್ಕನ ಗಂಡ, ಫೋನು ಮಾಡಿದರು.

‘ಕಾಗಿ ಬೇಲಿ ಮ್ಯಾಲೆ ಕುಂತಿತ್ತಮ್ಮ, ಇಳೀಲೇ ಇಲ್ಲ. ವರ್ಷಾ ವರ್ಷಾ ಎಡೆ ಇಡ್ತೀನಿ ಅಂದೆ, ಇಳೀಲಿಲ್ಲ. ನಮ್ಮವ್ವ ಮುಂದೆ ಬಂದು, ನಾನು ಅಂದಿದ್ದು ಆಡಿದ್ದು ಮರ್ತುಬಿಡವ್ವ ಅಂದ್ಲು. ಅದಕ್ಕೂ ಇಳೀಲಿಲ್ಲ. ಕೊನಿಗೆ ಹಸುವಿಗೆ ಕೊಟ್ಟು ಬಂದ್ವಿ.’

‘ಗೌರಿ ಹೆಸರು ಯಾರಾದ್ರೂ ಹೇಳಿದ್ರಾ ಭಾವ?’

‘ನಾನು ಗಂಡಸು ಶಾಂತಿ. ಅವಳ ಸ್ನಾನ, ಬಟ್ಟೆ ನಾನು ಹೆಂಗೆ ನೋಡ್ಲಿ? ಅವ್ವಗೆ ಕೈಲಾಗಂಗಿಲ್ಲ. ಸತ್ತೋಳಿಗೆ ಸುಳ್ಳು ಮಾತು ಕೊಡಾಕೆ ನನಗೆ ಧೈರ್ಯ ಬರ್ಲಿಲ್ಲ.’

ಸಿಟ್ಟು ಮಾಡಲೂ ಆಗದಷ್ಟು ನಿಜವಾದ ಮಾತು. ಅಷ್ಟರಲ್ಲಿ ನಮ್ಮ ದೊಡ್ಡಮ್ಮ, ಅವ್ವನ ಅಕ್ಕ, ಫೋನು ಕಿತ್ತುಕೊಂಡಳು.

‘ಏ ಶಾಂತಿ, ಅಲ್ಲಿ ಕಾಗಿ ಅದಾವೋ ಇಲ್ಲೋ?’

‘ಅದಾವೆ ದೊಡ್ಡಮ್ಮ.’

‘ಮತ್ತೇನು? ಕಾಗಿಗೆ ಯಾವೂರಾದ್ರೇನು. ನೀನೇ ಇಡು. ಅವಳು ನಿನ್ನ ಬಾಯಿಂದ ಬರೋ ಮಾತಿಗೆ ಕಾಯಾಕೆ ಹತ್ಯಾಳೆ. ನೋಡ್ಕಂಡು ಆಡು ಮತ್ತೆ. ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು.’

ಮರುದಿನ ಬೆಳಿಗ್ಗೆ ಅನ್ನ, ಹೆಸರುಬೇಳೆ ಪಾಯಸ, ಮೆಣಸಿನಕಾಯಿ ಬಜ್ಜಿ ಮಾಡಿ, ಡಬ್ಬಿಯಲ್ಲಿ ಉಳಿದಿದ್ದ ಮಂಡಕ್ಕಿಗೆ ಒಗ್ಗರಣೆ ಹಾಕಿದೆ. ನ್ಯಾಮತಿಯಲ್ಲಿ ಬಸ್ಸಿಳಿದರೆ ಮಂಡಕ್ಕಿ, ಮೆಣಸಿನಕಾಯಿ ತಿನ್ನದೆ ಅಕ್ಕ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಇಡುವುದೆಲ್ಲಿ? ಮನೆಗೆ ಅಂಗಳವಿಲ್ಲ, ಹಕ್ಕಿಗಳಿಗೆ ಏನೂ ಹಾಕಬಾರದೆಂದು ಮಾಲೀಕರ ಕಟ್ಟಪ್ಪಣೆ ಬೇರೆ. ಕಾಗೆಗಳು ಖಂಡಿತ ಇರುವ ಜಾಗ ನನಗೆ ಗೊತ್ತಿದ್ದದ್ದು ಒಂದೇ, ದಿನಸಿ ಅಂಗಡಿಯ ಪಾರ್ಕಿಂಗ್. ಅದರ ಹಿಂಬದಿಯ ಗೋಡೆಗೆ ಹೊಂದಿಕೊಂಡ ಹುಲ್ಲಿನ ಮೇಲೆ ಕಾಗದದ ತಟ್ಟೆ ಇಟ್ಟು, ಹಾಲು ಚಿಮುಕಿಸಿ, ಬಂದು ಕಾರಿನ ಪಕ್ಕ ನಿಂತೆ.

ದೀಪದ ಕಂಬದ ಮೇಲೆ ಒಂದು ಕಾಗೆ ಕೂತಿತ್ತು. ತಟ್ಟೆಯನ್ನೂ ನೋಡಿತು, ನನ್ನನ್ನೂ ನೋಡಿತು. ಜನ ಸಾಮಾನಿನ ಗಾಡಿ ತಳ್ಳಿಕೊಂಡು ‘ಆಲ್‌ರೈಟ್?’ ಎನ್ನುತ್ತ ಹೋದರು. ನಾನು ‘ಆಲ್‌ರೈಟ್’ ಎನ್ನುತ್ತಿದ್ದೆ.

‘ಅಕ್ಕಾ, ಚೆನ್ನಾಗಿರೋ ಕಲ್ಲು ಹಾಕಿಸ್ತೀನಿ’ ಎಂದೆ. ಕಾಗೆ ಅಲ್ಲಾಡಲಿಲ್ಲ. ‘ಗೌರಿಗೆ ತಿಂಗಳಾ ತಿಂಗಳಾ ದುಡ್ಡು ಕಳಿಸ್ತೀನಿ’ ಎಂದೆ. ಇಲ್ಲ. ‘ದಾವಣಗೆರೆಯಲ್ಲಿ ಒಳ್ಳೆ ಆಶ್ರಮ ಐತಂತೆ, ವಿಚಾರಿಸ್ತೀನಿ’ ಎಂದೆ. ಕಾಗೆ ಎದ್ದು ಇನ್ನೂ ದೂರದ ಕಂಬಕ್ಕೆ ಹೋಗಿ ಕೂತಿತು! ಅಕ್ಕ ಮುನಿಸಿಕೊಂಡರೆ ಹಾಗೇ, ಮಾತಾಡದೆ ಎದ್ದು ಹೋಗುತ್ತಿದ್ದಳು. ಎರಡು ಗಂಟೆ ಮೀರಿದ್ದು ನನಗೆ ಗೊತ್ತಿತ್ತು, ಬೋರ್ಡು ಕಣ್ಣೆದುರಿಗೇ ಇತ್ತು. ಎಡೆಯನ್ನು ಬಿಟ್ಟು ಹೋಗುವುದು ಹೇಗೆ? ಮಳೆ ಹನಿಯತೊಡಗಿತು, ಮಂಡಕ್ಕಿ ಮೆತ್ತಗಾಗುತ್ತಿತ್ತು. ಕೊನೆಗೆ ಅಳುತ್ತ ಗಟ್ಟಿಯಾಗಿಯೇ ಹೇಳಿಬಿಟ್ಟೆ.

‘ನಾನು ವಾಪಸ್ ಬರ್ತೀನಿ ಅಕ್ಕಾ. ಗೌರಿನ ನಾನೇ ನೋಡ್ಕಂತೀನಿ. ನಾನೇ.’

ಕಾಗೆ ಇಳಿಯಿತು. ಅನ್ನ ಬಿಟ್ಟಿತು, ಪಾಯಸ ಬಿಟ್ಟಿತು, ನೇರವಾಗಿ ಬಜ್ಜಿಗೆ ಬಾಯಿ ಹಾಕಿತು.

ಅದು ಪಾರ್ಕಿಂಗಿನ ಕಾಗೆ, ಬಿದ್ದ ಚಿಪ್ಸ್ ತಿಂದು ಬೆಳೆದದ್ದು, ಹಸಿವಾದಾಗ ಇಳಿಯಿತು, ಅಷ್ಟೇ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆಮೇಲೆ ಕಾಗೆ ಕಂಡರೆ ರಸ್ತೆ ದಾಟತೊಡಗಿದೆ. ನರ್ಸಿಂಗ್ ಹೋಮಿನ ಕಿಟಕಿಯಾಚೆ ಒಂದು ದಿನ ಕಾಗೆಯೊಂದು ಕತ್ತು ಓರೆ ಮಾಡಿ ನೋಡುತ್ತಿತ್ತು. ಕೈಯಲ್ಲಿದ್ದ ಮಾತ್ರೆಯ ತಟ್ಟೆ ಕೆಳಗಿಟ್ಟು ಪರದೆ ಎಳೆದುಬಿಟ್ಟೆ. ‘ಮುಟ್ತು ಭಾವ’ ಎಂದು ಎಡೆ ಇಟ್ಟ ದಿನವೇ ಊರಿಗೆ ತಿಳಿಸಿದ್ದೆ. ಏನು ಮಾತು ಕೊಟ್ಟೆ ಎಂದು ಅವರಿಗಾಗಲಿ, ಗಂಡನಿಗಾಗಲಿ ಹೇಳಿರಲಿಲ್ಲ. ಫೋಟೋಗಳು ಬಂದದ್ದು ಆಗ.

‘ಅಷ್ಟೊತ್ತು ಅಂಗಡೀಲಿ ಏನು ಮಾಡ್ತಿದ್ದೆ?’ ಎಂದು ನಾಗರಾಜ ಕೇಳಿದರು. ಹೇಳಿದೆ, ಎಲ್ಲ ಹೇಳಿದೆ. ಅವರು ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

‘ಕಾರು ಕೆಟ್ಟು ನಿಂತಿತ್ತು ಅಂತ ಕಂಪನಿಗೆ ಬರಿ, ಚಾರ್ಜ್ ಬಿಟ್ಟುಬಿಡ್ತಾರೆ. ಹಾವೂ ಸಾಯ್ತೈತೆ, ಕೋಲೂ ಮುರಿಯಲ್ಲ.’

‘ಸುಳ್ಳಲ್ವೇನ್ರೀ?’

‘ಕಾಗೆ ಕತೆ ಬರೆದ್ರೆ ಬಿದ್ದು ಬಿದ್ದು ನಗ್ತಾರೆ.’ ಆಮೇಲೆ ದನಿ ತಗ್ಗಿಸಿದರು. ‘ಶಾಂತಿ, ನೀನು ಹೋದ್ರೆ ನಾವೂ ಹೊರಡಬೇಕು. ಅಭಿ ಸ್ಕೂಲು, ನನ್ನ ಕೆಲಸ, ಎಲ್ಲಾ ನಿನ್ನ ವೀಸಾ ಮ್ಯಾಲೆ ನಿಂತೈತೆ. ಗೌರಿನ ಇಲ್ಲಿಗೆ ಕರ್ಕಂಬರಾಕೆ ದಾರಿ ಇಲ್ಲ ಅಂತ ಅವತ್ತು ಕೇಳಿದಾಗ ವೀಸಾ ವಕೀಲ್ರೇ ಹೇಳಿದಾರೆ. ಕಾಗೆಗೆ ಕೊಟ್ಟ ಮಾತಿಗೆ ಸಾಕ್ಷಿ ಯಾರಿದಾರೆ ಹೇಳು?’

ಅವರು ಕೆಟ್ಟವರಲ್ಲ. ಮಗನಿಗಾಗಿ ಹೆದರಿದ್ದರು, ನಾನೂ ಹೆದರಿದ್ದೆ. ಸಾಕ್ಷಿ ಅವರ ಕೈಯಲ್ಲೇ ಇತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೆಲಸದಲ್ಲಿ ನನ್ನ ಜತೆಗಾತಿ ಮಾರ್ಗರೆಟ್‌ಗೆ ಹೇಳಿಕೊಂಡೆ. ನಗಬಹುದು ಎಂದುಕೊಂಡಿದ್ದೆ. ಅವಳು ಚಹಾ ಲೋಟ ಕೆಳಗಿಟ್ಟು, ತನ್ನ ಅಜ್ಜಿಯ ಹಳ್ಳಿಯಲ್ಲಿ ಮನೆಯಲ್ಲಿ ಯಾರಾದರೂ ಸತ್ತರೆ ಜೇನುಪೆಟ್ಟಿಗೆಯ ಹತ್ತಿರ ಹೋಗಿ ಜೇನುಹುಳುಗಳಿಗೆ ತಿಳಿಸಬೇಕಿತ್ತು, ಇಲ್ಲದಿದ್ದರೆ ಅವು ಮನೆ ಬಿಟ್ಟು ಹೋಗುತ್ತಿದ್ದವು ಎಂದಳು. ‘ಆದರೂ ನೀನು ಅಕ್ಕ ತೀರಿಕೊಂಡದ್ದನ್ನಷ್ಟೇ ಬರಿ. ಕಾಗೆ ವಿಷಯ ಬೇಡ. ಈ ಕಂಪನಿಯವರು ಜೇನಿನವರಲ್ಲ’ ಎಂದಳು.

ಚಾರ್ಜ್ ಬಿಟ್ಟುಬಿಡಿ ಎಂದು ಅಪೀಲು ಸಲ್ಲಿಸುವುದು ಕಂಪ್ಯೂಟರಿನಲ್ಲಿ. ಹೊತ್ತು ಮೀರಿದ್ದಕ್ಕೆ ಕಾರಣಗಳನ್ನು ಅವರೇ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ವಾಹನ ಕೆಟ್ಟಿತ್ತು. ಅನಾರೋಗ್ಯ. ಬೋರ್ಡು ಕಾಣಲಿಲ್ಲ. ‘ವಾಹನ ಕೆಟ್ಟಿತ್ತು’ ಎಂಬುದರ ಮೇಲೆ ಬೆರಳಿಟ್ಟು ಕೂತೆ. ಒಂದು ಸಲ ಒತ್ತಿದರೆ ಸಾಕು. ಆ ಬೆಳಿಗ್ಗೆ ನಾನು ಅಲ್ಲಿ ನಿಂತದ್ದು ಕೆಟ್ಟ ಕಾರಿಗಾಗಿ ಎಂದಾಗುತ್ತದೆ. ಕಾಗೆ ಇಲ್ಲ, ಎಡೆ ಇಲ್ಲ, ಆಡಿದ ಮಾತೂ ಇಲ್ಲ. ಇಲ್ಲಿಯವರೂ ಕೇಳುವುದಿಲ್ಲ, ಅಲ್ಲಿಯವರೂ ಕೇಳುವುದಿಲ್ಲ. ಅಷ್ಟು ಸಲೀಸಾಗಿ ತಪ್ಪಿಸಿಕೊಳ್ಳಬಹುದು ಎನ್ನುವುದೇ ನನ್ನನ್ನು ಹೆದರಿಸಿತು. ಗೌರಿಯ ಹೆಸರೆತ್ತದೆ ಸಮಾಧಿಯ ಹತ್ತಿರ ನಿಂತಿದ್ದವರ ಸಾಲಿನಲ್ಲಿ ನಾನೂ ನಿಂತಂತೆ ಅನ್ನಿಸಿತು.

‘ಇತರೆ’ ಎಂಬುದನ್ನು ಒತ್ತಿದೆ. ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ: ಇಂಡಿಯಾದಲ್ಲಿ ನನ್ನ ಅಕ್ಕ ತೀರಿಕೊಂಡಳು. ನಮ್ಮಲ್ಲಿ ಹೋದವರಿಗೆ ಇಟ್ಟ ಊಟವನ್ನು ಕಾಗೆ ಮುಟ್ಟುವ ತನಕ ಮನೆಯವರು ಜಾಗ ಬಿಡುವುದಿಲ್ಲ. ನಿಮ್ಮ ಬೋರ್ಡು ನೋಡಿದ್ದೆ, ಹೊತ್ತು ಮೀರಿದ್ದೂ ಗೊತ್ತಿತ್ತು. ನಮ್ಮ ತಂಗಿಯನ್ನು ನೋಡಿಕೊಳ್ಳಲು ವಾಪಸ್ ಹೋಗುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೆ ಕಾಗೆ ಬಂತು. ಆಮೇಲೆ ಕಾರು ತೆಗೆದೆ.

ಕಳಿಸಿದ ಮೇಲೆ ಮೈ ಹಗುರಾಗಲಿಲ್ಲ, ಇನ್ನೂ ಭಾರವಾಯಿತು.

ಕೆಲವು ವಾರಗಳ ಮೇಲೆ ಉತ್ತರ ಬಂತು. ನಿಮ್ಮ ದುಃಖಕ್ಕೆ ವಿಷಾದ, ಚಾರ್ಜ್ ರದ್ದು ಮಾಡಿದ್ದೇವೆ, ಇನ್ನು ನೀವು ಏನೂ ಮಾಡಬೇಕಾಗಿಲ್ಲ. ಬರೆದವರ ಹೆಸರಿರಲಿಲ್ಲ. ಯಾವ ಪುಣ್ಯಾತ್ಮರೋ!

ನಾಗರಾಜ ಓದಿ, ‘ನೋಡು, ಇನ್ನು ಏನೂ ಮಾಡಬೇಕಾಗಿಲ್ಲ ಅಂದಿದಾರೆ’ ಎಂದರು. ತಮಾಷೆಗೆ ಅಂದದ್ದು, ಆದರೆ ಇಬ್ಬರಿಗೂ ನಗು ಬರಲಿಲ್ಲ.

‘ಒಂದು ತಿಂಗಳು ಸಂಬಳ ಇಲ್ಲದ ರಜಾ ಕೇಳಿದೀನಿ’ ಎಂದೆ.

‘ಆಮ್ಯಾಲೆ?’

‘ಗೊತ್ತಿಲ್ಲರೀ.’

ಅವರು ಎದ್ದು ಪಾತ್ರೆ ತೊಳೆಯಲು ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಬಂತು. ಅಲ್ಲಿಂದಲೇ, ‘ಟಿಕೆಟ್ ನಾನು ನೋಡ್ತೀನಿ ಬಿಡು’ ಎಂದರು.

ಮರುದಿನ ಅಭಿಯನ್ನು ಸ್ಕೂಲಿಗೆ ಹೊರಡಿಸುತ್ತ, ನಡುವೆ ಭಾವನಿಗೆ ವಿಡಿಯೋ ಕಾಲ್ ಮಾಡಿದೆ. ಗೌರಿ ಪಕ್ಕದಲ್ಲೇ ಕೂತಿದ್ದಳು. ಎರಡು ಜಡೆ, ಒಂದು ಕಿವಿಯ ಮೇಲೆ, ಒಂದು ಕುತ್ತಿಗೆಯ ಹತ್ತಿರ. ‘ನಾನೇ ಹಾಕಿದ್ದಮ್ಮ, ನಗಬ್ಯಾಡ’ ಎಂದರು ಭಾವ. ನಕ್ಕೆ, ಕಣ್ಣಲ್ಲಿ ನೀರೂ ಬಂತು. ಗೌರಿ ಮಾತು ಬಂದಾಗಿನಿಂದ ನನ್ನನ್ನು ಕರೆಯುವುದು ‘ಚಾಂತಿ’ ಎಂದೇ. ಅಂದು ಅವಳು ಫೋನಿಗೆ ಮುಖ ಹಚ್ಚಿ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಅಕ್ಕನ ಹಾಗೇ ಕಾಣುತ್ತೇನೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ.

‘ಅಕ್ಕಾ’ ಎಂದಳು. ‘ಎಲ್ಲಿಗೆ ಹೋಗಿದ್ದೆ? ಬಾ.’

ಭಾವ ಮುಖ ಆ ಕಡೆ ತಿರುಗಿಸಿದರು. ನಾನು ಶಾಂತಿ ಕಣೇ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟರಲ್ಲಿ ಬಾಗಿಲ ಹತ್ತಿರ ಬೂಟು ಹಾಕಿಕೊಂಡು ನಿಂತ ಅಭಿ, ‘ಅಮ್ಮಾ, ಬಾ!’ ಎಂದು ಕೂಗಿದ.

‘ಬಂದೆ’ ಎಂದೆ. ಇಬ್ಬರೂ ನಂಬಿದರು.