ಹೊಸ್ತಿಲು ಹೊತ್ತು ನಡೆಯುವ ಊರು

ಚನ್ನವ್ವ ಶಟ್ಟೆವ್ವನನ್ನು ಮೊದಲು ಕಂಡದ್ದು ನೇಸರಗಿಯ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯ ದಿನ ಮಧ್ಯಾಹ್ನ. ಚನ್ನವ್ವನ ಗಂಡ ತೀರಿಕೊಂಡು ವರ್ಷ ತುಂಬಿ ಒಂಬತ್ತು ದಿನವಾಗಿತ್ತು. ಸಂಪಗಾಂವದ ತವರಿನಲ್ಲಿ ನಾಲ್ಕು ದಿನ ಕೂತು ಹೊದೆಯಲು ಒಂದು ಕೌದಿ ಹೊಲಿದುಕೊಂಡು ಬರೋಣವೆಂದು ಮನೆಯ ಹಳೆಯ ಸೀರೆಗಳನ್ನು, ಗಂಡನ ಎರಡು ಧೋತರಗಳನ್ನು ಗಂಟು ಕಟ್ಟಿಕೊಂಡು ಹೊರಟಿದ್ದಳು. ಬಸ್ಸು ಬಂದಿರಲಿಲ್ಲ. ಬಿಸಿಲಿಗೆ ಕಲ್ಲಿನ ಬೆಂಚೂ ಕಾದಿತ್ತು. ಅವಳಿಗಿಂತ ಎಂಟು ಹತ್ತು ವರ್ಷ ದೊಡ್ಡವಳಿರಬಹುದಾದ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಕೂತವಳು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಗಂಟಿನ ಸಂದಿಯಲ್ಲಿ ಬೆರಳು ತೂರಿಸಿದಳು.

"ತಂಗಿ, ಇದರಾಗ ಒಂದು ಹಳದಿ ಸೀರಿ ಐತೆಲ್ಲ?"

"ಐತ್ರಿ. ಯಾಕ್ರಿ?"

"ನನಗೊಂದು ಗೇಣು ಕೊಡ. ಉಸುಕು ಕಮ್ಮಿ ಬಿದ್ದೈತಿ."

ಚನ್ನವ್ವ ಗಂಟನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. "ಉಸುಕು ಬೇಕಾದ್ರ ಹಳ್ಳಕ್ಕ ಹೋಗ್ರಿ. ಸೀರ್‍ಯಾಗ ಯಾಕ ಹುಡುಕತೀರಿ?"

"ಹಳ್ಳದ ಉಸುಕಿಗೆ ನೀರಿನ ವಾಸನಿ ಇರತೈತಿ. ನಮ್ಮ ಮಂದಿ ಅದರ ಮ್ಯಾಲೆ ಕಾಲಿಡೂದಿಲ್ಲ."

ತಲೆ ಕೆಟ್ಟವಳೇನೋ ಎಂದುಕೊಂಡಳು ಚನ್ನವ್ವ. ಆದರೆ ಆ ಹೆಂಗಸು ತನ್ನ ಚೀಲದಿಂದ ಅರ್ಧ ಹೊಲಿದ ಒಂದು ಕೌದಿಯನ್ನು ತೆಗೆದು ಮೊಣಕಾಲಿನ ಮೇಲೆ ಹಾಸಿದಾಗ ಬಗ್ಗಿ ನೋಡಿದಳು. ನೆಲವೆಲ್ಲ ಹಳದಿ, ಬೂದು, ಮಾಸಿದ ಕೆಂಪು. ಅದರ ಮೇಲೆ ಸಣ್ಣ ಸಣ್ಣ ಮನೆಗಳು, ಸಾಲಾಗಿ ನಡೆಯುವ ಮಂದಿ, ಶಾಲೆಯ ಖಾಕಿ ಚಡ್ಡಿಯಿಂದ ಕತ್ತರಿಸಿದ ಎರಡು ಒಂಟೆ. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಚನ್ನವ್ವ ಒಂದು ಗೇಣಿನಲ್ಲಿ ಎಣಿಸಿ ನೋಡಿದಳು, ಮೂವತ್ತೊಂದು ಹೊಲಿಗೆಯ ಕಣ್ಣು. ತನ್ನದು ಇಪ್ಪತ್ತು ದಾಟುತ್ತಿರಲಿಲ್ಲ.

ಆ ಹಳದಿ ಸೀರೆ ಚನ್ನವ್ವನ ಮದುವೆಯ ಅರಿಷಿಣದ ಸೀರೆ. ಉಡುವ ದಿನ ಮುಗಿದಿತ್ತು, ಹರಿಯಲು ಕೈ ಬರುತ್ತಿರಲಿಲ್ಲ. ಇಡೀ ವರ್ಷ ಅದನ್ನು ಟ್ರಂಕಿನಿಂದ ತೆಗೆಯುವುದು, ಮತ್ತೆ ಇಡುವುದು ಇದೇ ಆಗಿತ್ತು. ಅವಳು ಕೌದಿಯನ್ನು ನೋಡುತ್ತ ಕೂತಿರುವಾಗಲೇ ತಾನು ಹತ್ತಬೇಕಿದ್ದ ಬೈಲಹೊಂಗಲದ ಬಸ್ಸು ಬಂತು, ಮಂದಿ ಹತ್ತಿದರು, ಹೋಯಿತು. ಆಮೇಲೆ ಅವಳು ಗಂಟು ಬಿಚ್ಚಿ, ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಸರ್ರನೆ ಹರಿದು ಕೊಟ್ಟಳು. ಒಂದು ಗೇಣಲ್ಲ, ಅರ್ಧ ಸೀರೆ.

"ಯಾವೂರ ಇದು?" ಎಂದು ಕೇಳಿದಳು, ಒಂಟೆಯ ಮೇಲೆ ಬೆರಳಿಟ್ಟು.

"ಉಸುಕಿನ ರಾಜ್ಯ," ಎಂದಳು ಶಟ್ಟೆವ್ವ. "ಬಾ, ಚಾ ಕುಡಿಯೂಣು. ಹೇಳಾಕ ಹೊತ್ತು ಹಿಡೀತೈತಿ."

ಹೊತ್ತು ಹಿಡಿಯಿತು. ಹನ್ನೊಂದು ವರ್ಷ ಹಿಡಿಯಿತು.

ಶಟ್ಟೆವ್ವನ ಮಗ ನಿಂಗರಾಜ ನೇಸರಗಿಯಲ್ಲಿ ಟಂಟಂ ರಿಕ್ಷಾ ಓಡಿಸುತ್ತಿದ್ದ. ಅವನ ಹೆಂಡತಿ ಉಮಾಶ್ರೀ. ಅವರ ಮನೆಯಿಂದ ಮೂರನೆಯದು ಚನ್ನವ್ವನ ಮನೆ. ಇಷ್ಟು ಹತ್ತಿರ ಇದ್ದೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, ಯಾಕೆಂದರೆ ನಿಂಗರಾಜ ಸವದತ್ತಿಯ ಕಡೆಯಿಂದ ಇಲ್ಲಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಅಂದಿನಿಂದ ದಿನಾಲೂ ಊಟದ ಮುಸುರೆ ತೊಳೆದ ಮೇಲೆ ಇಬ್ಬರೂ ಚನ್ನವ್ವನ ಮನೆಯ ಕಟ್ಟೆಯ ಮೇಲೆ ಕೂರುವರು. ಚನ್ನವ್ವನದು ಮಂದಿಯ ಮನೆಯ ಕೌದಿ, ಶಟ್ಟೆವ್ವನದು ಆ ಒಂದೇ ಕೌದಿ. ಚನ್ನವ್ವ ಸೂಜಿಗೆ ದಾರ ಪೋಣಿಸಿ ಕೊಡುವಳು, ಶಟ್ಟೆವ್ವ ಹೊಲಿಯುತ್ತ ಹೇಳುವಳು.

ಉಸುಕಿನ ರಾಜ್ಯದಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಇರುವ ಬಾವಿಗಳೂ ಊರಿಗಿಂತ ದೂರ. ಅಲ್ಲಿಯ ದೊರೆಗೆ ಸಿಂಹಾಸನವಿಲ್ಲ. ನ್ಯಾಯ ಕೇಳಲು ಬಂದವನನ್ನು ಅವನು ತನ್ನ ನೆರಳಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ, ತಾನು ಬಿಸಿಲಿನಲ್ಲಿ ನಿಲ್ಲುತ್ತಾನೆ. ಹೊತ್ತು ನೆತ್ತಿಗೆ ಬಂದು ನೆರಳು ಕಾಲಡಿಗೆ ಸೇರಿದರೆ ಅವತ್ತಿನ ನ್ಯಾಯ ಮುಗಿಯಿತು. ಅದಕ್ಕೇ ಅಲ್ಲಿ ಎತ್ತರದವರನ್ನೇ ದೊರೆ ಮಾಡುವುದು. ಅಳುವುದಕ್ಕೆ ಅಲ್ಲಿ ಅಪ್ಪಣೆಯಿಲ್ಲ, ಕಣ್ಣೀರೂ ನೀರೇ ತಾನೇ. ಊರಿಗೊಬ್ಬಳನ್ನು ವರ್ಷಕ್ಕೆ ನೇಮಿಸುತ್ತಾರೆ. ಯಾರ ಮನೆಯಲ್ಲಿ ದುಃಖವಾದರೂ ಅವಳೇ ಹೋಗಿ ಎಲ್ಲರ ಪರವಾಗಿ ಅತ್ತು ಬರಬೇಕು.

"ಆ ನೌಕರಿ ನನಗ ಕೊಡಸ ಯಕ್ಕಾ," ಎಂದಳು ಚನ್ನವ್ವ ಒಮ್ಮೆ. "ಒಂದು ವರ್ಷದಿಂದ ಪುಗಸಟ್ಟೆ ಮಾಡಾಕ ಹತ್ತೇನಿ."

"ನಿನ್ನ ತಗೊಳ್ಳೂದಿಲ್ಲ. ನೀ ಅಳೂ ಮುಂದ ಸೆರಗು ಒದ್ದಿ ಮಾಡತಿ. ಅಲ್ಲಿಯಾಕಿ ಒಂದು ಹನಿ ಸುದ್ದಾ ಕೆಳಗ ಬೀಳಗೊಡೂದಿಲ್ಲ."

ಇದನ್ನೆಲ್ಲ ಕೇಳಿ ಉಮಾಶ್ರೀ ನಗುವಳು. "ಅತ್ತೀ, ನಿಮ್ಮ ರಾಜ್ಯದಾಗ ಸೊಸಿ ಭಾಂಡಿ ತಿಕ್ಕತಾಳೋ ಇಲ್ಲೋ?"

"ನೀರೇ ಇಲ್ಲ, ಏನ ತಿಕ್ಕತಿ? ಉಸುಕು ಹಾಕಿ ಒರಸೂದು."

"ಹಂಗಾರ ನನ್ನೂ ಅಲ್ಲೇ ಕಳಸ್ರಿ. ನಿಮ್ಮ ಮಗ ಬೇಕಾದ್ರ ಇಲ್ಲೇ ಇರಲಿ."

ಆ ರಾಜ್ಯದ ದೊಡ್ಡ ರೀತಿ ಯಾವುದೆಂದರೆ ಊರು ಕೀಳುವುದು. ಗಾಳಿಗೆ ಉಸುಕಿನ ದಿಬ್ಬ ಸರಿದು ಮನೆಗಳ ಮೇಲೆ ಬರುತ್ತದೆ. ಆಗ ಯಾರೂ ಬಾಗಿಲು ಕೀಳುವುದಿಲ್ಲ, ತೊಲೆ ಇಳಿಸುವುದಿಲ್ಲ. ಪ್ರತಿ ಮನೆಯ ಹಿರಿಯ ಹೆಂಗಸು ಹೊಸ್ತಿಲಿನ ಕಟ್ಟಿಗೆಯನ್ನಷ್ಟೇ ಕಿತ್ತು, ಅರಿಷಿಣ ಕುಂಕುಮದ ಸಮೇತ ತಲೆಯ ಮೇಲೆ ಹೊತ್ತು ಹೊರಡುತ್ತಾಳೆ. ಎಲ್ಲಿ ಅದನ್ನು ಇಳಿಸುತ್ತಾಳೋ ಅಲ್ಲಿ ಅವರ ಮನೆ. ಗೋಡೆ ಆಮೇಲೆ ಎದ್ದರಾಯಿತು. ಎಲ್ಲರ ಹೊಸ್ತಿಲೂ ನೆಲಕ್ಕೆ ಇಳಿಯುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ದಾರಿಗೆ ಕಟ್ಟಿಕೊಂಡ ಖಡಕ್ ರೊಟ್ಟಿಯೇ ಗತಿ. ಮೆತ್ತನೆಯ ರೊಟ್ಟಿ, ಹೋಳಿಗೆ ಎಲ್ಲ ಊರು ನೆಲೆ ನಿಂತ ಮೇಲೆ.

ಕೌದಿಯ ಮೇಲೆ ಹೊಲಿದದ್ದು ಅದನ್ನೇ. ಸೀರೆಯ ದಡಿಯಿಂದ ಕತ್ತರಿಸಿದ ಸಣ್ಣ ಪಟ್ಟಿ ಒಂದೊಂದು ಹೊಸ್ತಿಲು. ಒಂದೊಂದು ಮನೆ ಇಳಿದಂತೆ ಶಟ್ಟೆವ್ವ ಒಂದೊಂದು ಪಟ್ಟಿಯನ್ನು ನೆಲಕ್ಕೆ ಹೊಲಿಯುವಳು. ಅರವತ್ತೆಂಟು ಮನೆ. ಚನ್ನವ್ವ ಎಣಿಸಿದ್ದಳು. ಎಲ್ಲ ಇಳಿದು ನಾಲ್ಕು ವರ್ಷವಾದರೂ ಬಲಗಡೆಯ ಕೆಳಗಿನ ಮೂಲೆ ಒಂದು ಗೇಣಿನಷ್ಟು ಬಾಯಿ ತೆರೆದೇ ಇತ್ತು.

"ಯಕ್ಕಾ, ಇದೊಂದು ಮೂಲಿ ಯಾಕ ಬಿಟ್ಟಿ?"

"ಒಬ್ಬಾಕಿ ಬರೂದ ಐತಿ. ಮುದುಕಿ. ನಡಿಯಾಕ ತಡ ಆಗೇತಿ."

ಆ ಮುದುಕಿ ಯಾರೆಂದು ಚನ್ನವ್ವ ಕೇಳಲಿಲ್ಲ. ಕೇಳಬೇಕಿತ್ತು. ಶಟ್ಟೆವ್ವನ ಸ್ವಂತ ಕಥೆಯೂ ಅವಳಿಗೆ ತುಂಡು ತುಂಡಾಗಿ ಗೊತ್ತಿತ್ತು. ಮಲಪ್ರಭೆಗೆ ಡ್ಯಾಮು ಕಟ್ಟಿ ಹಿನ್ನೀರು ಏರಿದಾಗ ಸವದತ್ತಿಯ ಬದಿಯಲ್ಲಿ ಮುಳುಗಿದ ಊರುಗಳಲ್ಲಿ ಶಟ್ಟೆವ್ವನ ಗಂಡನ ಊರೂ ಒಂದು. ಆಗ ಅವಳಿಗೆ ಹದಿನೇಳು, ಮದುವೆಯಾಗಿ ಹೊಸದು. ಮಂದಿ ಬಾಗಿಲು, ಕಿಟಕಿ, ತೊಲೆ, ಕಡೆಗೆ ಹಂಚು ಸಹಿತ ಚಕ್ಕಡಿಗೆ ಹೇರಿದರು. ಇವಳ ಅತ್ತೆ ಮಾತ್ರ ಹೊಸ್ತಿಲು ಕೀಳಲು ಬಿಡಲಿಲ್ಲ. ಮನೆ ಮಂದಿ ಬದುಕಿರುವಾಗ ಹೊಸ್ತಿಲು ಕೀಳಬಾರದು ಎಂದು ಅದಕ್ಕೆ ಅರಿಷಿಣ ಹಚ್ಚಿ, ಹೂವು ಏರಿಸಿ, ಅಲ್ಲೇ ಬಿಟ್ಟು ಬಂದಳು. ಎಷ್ಟೋ ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ನೀರು ಹಿಂದೆ ಸರಿದಿದೆ ಎಂದು ಕೇಳಿ ಶಟ್ಟೆವ್ವ ನೋಡಲು ಹೋಗಿದ್ದಳು. ಒಣಗಿ ಬಿರಿದ ಎರೆಮಣ್ಣು, ಕಣ್ಣು ಹಾಯುವಷ್ಟು ದೂರ. ಯಾರ ಮನೆ ಎಲ್ಲಿತ್ತೆಂದು ಹೇಳಲು ಒಂದು ಕಲ್ಲೂ ಇರಲಿಲ್ಲ. ಇಡೀ ದಿನ ತಿರುಗಿ, ಹೊಸ್ತಿಲು ಸಿಗದೆ, ಬರಿಗಾಲು ಸುಟ್ಟುಕೊಂಡು ಬಂದಳು. ಆ ಮಳೆಗಾಲದಲ್ಲೇ ಅವಳು ಕೌದಿಯ ಮೊದಲ ತೇಪೆ ಇಟ್ಟದ್ದು.

ಈ ವರ್ಷ ಚಳಿಗಾಲದಲ್ಲಿ ಶಟ್ಟೆವ್ವನಿಗೆ ಉಬ್ಬಸ ಹೆಚ್ಚಾಯಿತು. ಬೈಲಹೊಂಗಲದ ಒಂದು ದವಾಖಾನೆಯಲ್ಲಿ ಹನ್ನೆರಡು ದಿನ ಮಲಗಿಸಿದರು. ಹೋಗುವಾಗ ಅವಳು ಕೌದಿಯನ್ನು ಚನ್ನವ್ವನ ಮಡಿಲಿಗೆ ಹಾಕಿ, "ಇಲಿ ಮುಟ್ಟದಂಗ ನೋಡಕೋ," ಎಂದಷ್ಟೇ ಹೇಳಿದಳು. ಮುಗಿಸು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಆ ಸೀಮೆಯಲ್ಲಿ ಕೌದಿಗೆ ಒಂದು ರೀತಿಯಿದೆ. ಎಲ್ಲ ಹೊಲಿಗೆ ಮುಗಿದು ಕೊನೆಯ ಮೂಲೆ ಉಳಿದಾಗ ಅದರೊಳಗೆ ಒಂದು ಚೂರು ರೊಟ್ಟಿ, ಹಬ್ಬವಿದ್ದರೆ ಹೋಳಿಗೆ, ಇಟ್ಟು ಮುಚ್ಚುತ್ತಾರೆ. ಹೊದೆಯುವವರ ಹೊಟ್ಟೆ ತುಂಬಿರಬೇಕಾದರೆ ಕೌದಿಯ ಹೊಟ್ಟೆ ಹಸಿದಿರಬಾರದು. ಒಮ್ಮೆ ಹೊಟ್ಟೆ ತುಂಬಿಸಿದ ಮೇಲೆ ಆ ಕೌದಿಗೆ ಮತ್ತೆ ಸೂಜಿ ಚುಚ್ಚುವ ಹಾಗಿಲ್ಲ. ಹರಿದರೆ ಹರಿಯಲಿ. ಚನ್ನವ್ವ ಕೈಯಾರೆ ನೂರಕ್ಕೂ ಹೆಚ್ಚು ಕೌದಿಗಳಿಗೆ ಉಣಿಸಿದ್ದಳು. ಕಣ್ಣೆದುರು ಬಾಯಿ ತೆರೆದುಕೊಂಡ ಕೌದಿ, ಯಜಮಾನತಿ ದವಾಖಾನೆಯಲ್ಲಿ. ಹಸಿದ ಕೌದಿ ಮನೆಯಲ್ಲಿರುವುದರಿಂದಲೇ ಅವಳ ಜೀವಕ್ಕೆ ನೆಮ್ಮದಿಯಿಲ್ಲವೇನೋ ಎನಿಸಿತು. ಎಂಟನೆಯ ದಿನ ಚನ್ನವ್ವನಿಗೆ ತಡೆಯಲಾಗಲಿಲ್ಲ. ಬೆರಳ ಗೆಣ್ಣು ನೋಯುತ್ತಿದ್ದರೂ ಒಂದು ಗೇಣಿಗೆ ಮೂವತ್ತೊಂದು ಕಣ್ಣಿನ ಲೆಕ್ಕ ತಪ್ಪದಂತೆ, ರೊಟ್ಟಿಯ ಚೂರು ಇಟ್ಟು, ಮೂಲೆಯನ್ನು ಮುಚ್ಚಿದಳು. ಎದ್ದಾಗ ಸೊಂಟ ನೆಟ್ಟಗಾಗಲಿಲ್ಲ.

ಶಟ್ಟೆವ್ವನನ್ನು ಮನೆಗೆ ಕರೆತಂದ ದಿನ ಚನ್ನವ್ವ ಕೌದಿಯನ್ನು ಮಡಿಚಿ ಒಯ್ದು, ನೆಲದ ಹಾಸಿಗೆಯಲ್ಲಿ ಮಲಗಿದ್ದ ಅವಳ ಕಾಲಿನ ಮೇಲೆ ಹೊದಿಸಿದಳು. ಶಟ್ಟೆವ್ವನ ಕೈ ತಾನಾಗಿ ಬಲಗಡೆಯ ಮೂಲೆಗೆ ಹೋಯಿತು. ತಡವಿತು. ಮತ್ತೆ ತಡವಿತು.

"ಚನ್ನೀ, ಇದು ಮುಚ್ಚೇತಿ."

"ಹೂನ ಯಕ್ಕಾ. ಹೊಟ್ಟಿ ತುಂಬಿಸೇನಿ. ನೀ ಆರಾಮ ಆಗಲಿ ಅಂತ."

ಸಿಟ್ಟಿಗೂ ಉಸಿರು ಬೇಕು, ಅಷ್ಟು ಉಸಿರು ಶಟ್ಟೆವ್ವನಲ್ಲಿ ಇರಲಿಲ್ಲ. "ಆ ಮುದುಕಿ ಹೊರಗ ಉಳದ್ಲಲ್ಲ," ಎಂದಳು.

"ಯಾವ ಮುದುಕಿ?"

"ಹೊಸ್ತಿಲ ಕೀಳಾಕ ಬ್ಯಾಡಂದ ಮನ್ಯಾಕಿ. ಹೊಸ್ತಿಲ ಹುಡುಕ್ಯಾಡಕೋತ ಹಿಂದ ಉಳದಾಕಿ. ಅರವತ್ತೊಂಬತ್ತನೇ ಮನಿ, ಚನ್ನೀ. ಅದು ನಂದು."

ಹನ್ನೊಂದು ವರ್ಷ ದಾರ ಪೋಣಿಸಿ ಕೊಟ್ಟ ಚನ್ನವ್ವ, ಅರವತ್ತೆಂಟರವರೆಗೆ ಎಣಿಸಿದವಳು, ಒಂದನ್ನು ಎಣಿಸಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಉಮಾಶ್ರೀ, "ಅದಕ್ಯಾಕ ಇಷ್ಟು ಚಿಂತಿ ಮಾಡತೀರಿ? ನಾಕು ಹೊಲಿಗಿ ಬಿಚ್ಚೂದು, ಒಂದು ಪಟ್ಟಿ ಹಚ್ಚೂದು, ಮತ್ತ ಹೊಲಿಯೂದು. ತರಲೇನು ಕತ್ರಿ?" ಎಂದಳು.

ಇಬ್ಬರು ಮುದುಕಿಯರೂ ಒಟ್ಟಿಗೆ ಅವಳತ್ತ ತಿರುಗಿದರು.

"ಉಂಡ ಹೊಟ್ಟಿಗೆ ಕತ್ರಿ ಹಾಕತಾರೇನ ಹುಚ್ಚೀ?" ಎಂದಳು ಶಟ್ಟೆವ್ವ.

"ತಪ್ಪು ನಂದು," ಎಂದಳು ಚನ್ನವ್ವ. "ಪಾಪ ಬಂದ್ರ ನನಗ ಬರಲಿ. ಬಿಚ್ಚತೇನಿ ಯಕ್ಕಾ."

"ಬಿಚ್ಚಬ್ಯಾಡ. ಅರವತ್ತೆಂಟು ಮನಿ ಮಂದಿ ಉಂಡಾರ. ನನ್ನ ಒಬ್ಬಾಕಿ ಸಲುವಾಗಿ ಅವರ ಬಾಯಾಗಿಂದ ಕಸಗೋಳೂದ?"

ಉಮಾಶ್ರೀ ಹಣೆ ಬಡಿದುಕೊಂಡು ಒಳಗೆ ಹೋದಳು. ಕುಕ್ಕರ್ ಸೀಟಿ ಹೊಡೆಯಿತು. ಹೊರಗೆ ನಿಂಗರಾಜ ಟಂಟಂ ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ಶಟ್ಟೆವ್ವ ಕಣ್ಣು ಮುಚ್ಚಿಕೊಂಡು ಮೂಲೆಯನ್ನು ಹಿಸುಕಿ ಹಿಸುಕಿ ನೋಡುತ್ತಿದ್ದಳು. ಒಳಗೆ ಏನೋ ಕಟಕ್ಕೆಂದು ಮುರಿಯಿತು. ಅವಳು ಕಣ್ಣು ತೆರೆದಳು.

"ಏನ ಇಟ್ಟಿ ಇದರಾಗ? ಹೋಳಿಗಿನೋ, ರೊಟ್ಟಿನೋ?"

ಸುಳ್ಳು ಹೇಳಿದರೆ ಸಮಾಧಾನವಾಗುತ್ತದೋ, ನಿಜ ಹೇಳಿದರೋ, ಚನ್ನವ್ವನಿಗೆ ತಿಳಿಯಲಿಲ್ಲ. ಅವಳಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. "ಹಬ್ಬ ಇರಲಿಲ್ಲಲ್ಲ ಯಕ್ಕಾ, ಹೋಳಿಗಿ ಎಲ್ಲಿಂದ ಬರಬೇಕು? ಬಿಸಿ ರೊಟ್ಟಿನೂ ಮಾಡಿರಲಿಲ್ಲ ಅವತ್ತ. ಬುಟ್ಟ್ಯಾಗಿನ ಖಡಕ್ ರೊಟ್ಟಿ ಮುರಿದು ಇಟ್ನಿ."

"ಖಡಕ್ ರೊಟ್ಟಿ?"

"ಹೂನ. ಎಂಟು ದಿನದ್ದು."

ಶಟ್ಟೆವ್ವ ದಣಿದ ಮುಖದಲ್ಲೇ ನಕ್ಕಳು. ನಗುವಿಗೆ ಕೆಮ್ಮು ಬಂತು, ಕೆಮ್ಮಿಗೆ ಕಣ್ಣೀರು ಬಂತು, ಅದನ್ನು ಕೆಳಗೆ ಬೀಳಗೊಡದೆ ಅಂಗೈಯಿಂದ ಒರೆಸಿಕೊಂಡಳು.

"ಅದು ದಾರಿ ಬುತ್ತಿ, ಚನ್ನೀ. ಊರು ಇನ್ನೂ ನೆಲಿ ನಿಂತಿಲ್ಲ. ಮಂದಿ ಇನ್ನೂ ನಡಿಯಾಕ ಹತ್ಯಾರ."

ಚನ್ನವ್ವ ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಕೌದಿಯನ್ನು ಎದೆಯವರೆಗೆ ಎಳೆದಳು. ಬಸ್‌ಸ್ಟ್ಯಾಂಡಿನಲ್ಲಿ ಹರಿದು ಕೊಟ್ಟ ಹಳದಿಯ ಮೇಲೆ ಒಂಟೆಗಳು ಮಂದಿಯ ಹಿಂದೆ ಹೋಗುತ್ತಿದ್ದವು. ಶಟ್ಟೆವ್ವ ಅವುಗಳನ್ನೂ ದಾಟಿ, ಕೌದಿಯ ಅಂಚಿನಿಂದ ಆಚೆ, ಬರಿ ನೆಲದ ಮೇಲೆ ಕೈಯಿಟ್ಟಳು. ಅಲ್ಲೇ ಚನ್ನವ್ವ ಕೂತಿದ್ದಳು. ಆ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಹಿಡಿತದಲ್ಲಿ ಬಲವಿರಲಿಲ್ಲ. ಅವತ್ತಿನ ಮೇಲೆ ಅವಳು ಮೂರು ದಿನ ಇದ್ದಳು, ಆದರೆ ಮಾತು ನಿಂತಿತ್ತು. ಮಣಿಕಟ್ಟು ಹಿಡಿದುಕೊಂಡು ಆಗ ಕೇಳಿದ್ದೇ ಅವಳ ಕೊನೆಯ ಮಾತು:

"ನನಗಂತೂ ಆಗೂದಿಲ್ಲ. ಹೊಸ್ತಿಲ ಸಿಕ್ಕರ, ನೀ ತಲಿ ಮ್ಯಾಲೆ ಹೊರತಿ ಏನ?"