ಹುಲ್ಲು ಕಿತ್ತು ಗಿಡ ನೆಟ್ಟೆವು

ಜೆಸಿಬಿ ಮೊದಲ ಸಲ ಹುಲ್ಲಿಗೆ ಬಾಯಿ ಹಾಕಿದಾಗ ಕುಪ್ಪಮ್ಮ ಪಾಟಿ ಓಡಿ ಬಂದು ಅದರ ಮುಂದೆ ನಿಂತುಬಿಟ್ಟರು.

ಚೆನ್ನೈನಲ್ಲಿ ತಾಂಬರಂ ದಾಟಿದ ಮೇಲೆ ಸಿಗುವ ಒಂದು ಇಳಿಜಾರು ಅದು. ಮೇಲೆ ಕುರುಚಲು ಕಾಡಿನ ಗುಡ್ಡ, ಕೆಳಗೆ ಪುಟ್ಟ ಮನೆಗಳ ಒಂದು ಬೀದಿ, ನಡುವೆ ಮೊಣಕಾಲೆತ್ತರದ ಹುಲ್ಲು. ನಮ್ಮ ಇನ್ಶೂರೆನ್ಸ್ ಆಫೀಸಿನವರು ಜೂನ್‌ನ ಪರಿಸರ ದಿನಕ್ಕೆ ಅಲ್ಲಿ ಗಿಡ ನೆಡುವುದೆಂದು ತೀರ್ಮಾನಿಸಿದ್ದರು. ಉಸ್ತುವಾರಿ ನನ್ನದು.

ಪಾಟಿ ಆ ಬೀದಿಯ ಅಜ್ಜಿ. ನಾಲ್ಕು ಮೇಕೆ ಸಾಕಿಕೊಂಡಿದ್ದರು.

"ಇದು ಸುಮ್ಮಾ ಕೆಡಕ್ಕಿರ ಇಡಂ ಇಲ್ಲೆಮ್ಮಾ" ಎಂದರು. ಸುಮ್ಮನೆ ಬಿದ್ದಿರುವ ಜಾಗವಲ್ಲ, ಗುಡ್ಡದಿಂದ ಇಳಿಯುವ ನೀರನ್ನು ಈ ಹುಲ್ಲೇ ತಡೆಯುವುದು ಅಂತ.

ಆಮೇಲೆ ನನ್ನ ಕೈ ಹಿಡಿದು ಕರೆದೊಯ್ದು ನೆಲದ ಮೇಲಿದ್ದ ನಾಲ್ಕು ಮೊಟ್ಟೆ ತೋರಿಸಿದರು. ಟಿಟ್ಟಿಭ ಹಕ್ಕಿಯ ಮೊಟ್ಟೆ. ಮಣ್ಣಿನದೇ ಬಣ್ಣ, ತೋರಿಸದಿದ್ದರೆ ತುಳಿದೇಬಿಡುತ್ತಿದ್ದೆ.

ನಾನೇನು ಮಾಡಿದೆ? ವಾಚ್ ನೋಡಿಕೊಂಡೆ.

"ಪಾಟಿ, ಮರ ಬಂದರೆ ನಿಮಗೇ ನೆರಳು" ಎಂದು ಸಮಾಧಾನ ಹೇಳಿ, ಮೊಟ್ಟೆಗಳ ಸುತ್ತ ಕಲ್ಲಿಡಿಸಿ, ಜೆಸಿಬಿಯವನಿಗೆ ಕೈ ಬೀಸಿದೆ. ಸಂಜೆಯ ಹೊತ್ತಿಗೆ ಆ ಕಲ್ಲುಗಳೂ ಇರಲಿಲ್ಲ.

ಗಿಡ ನೆಟ್ಟೆವು. ಬ್ಯಾನರ್, ಟೋಪಿ, ಫೋಟೋ. ವರದಿಯಲ್ಲಿ 'ಬಂಜರು ಭೂಮಿಗೆ ಹಸಿರು' ಎಂದು ಬರೆದವಳೂ ನಾನೇ.

ಚೆನ್ನೈನ ಜೂನ್ ಬಿಸಿಲು ಗೊತ್ತಲ್ಲ... ನೀರಿನ ಟ್ಯಾಂಕರ್ ಎರಡು ವಾರ ಬಂತು, ಆಮೇಲೆ ನಿಂತಿತು. ದೀಪಾವಳಿಯ ಹೊತ್ತಿಗೆ ಉಳಿದದ್ದು ಒಣಗಿದ ಕಡ್ಡಿಗಳು, ಬೋಳು ಮಣ್ಣು.

ನವೆಂಬರಿನಲ್ಲಿ ಸೈಕ್ಲೋನ್, ಇಲ್ಲಿಯವರ ಬಾಯಲ್ಲಿ ಪುಯಲ್. ಈಗೀಗ ಇಲ್ಲಿ ಮಳೆ ಬರುವುದೇ ಹಾಗೆ, ತಿಂಗಳಿಡೀ ಬೀಳಬೇಕಾದದ್ದು ಒಂದೇ ದಿನ ಸುರಿದುಬಿಡುತ್ತದೆ. ಇಳಿಜಾರಿನ ಮಣ್ಣೆಲ್ಲ ಕೆಸರಾಗಿ ಆ ಬೀದಿಗೆ ನುಗ್ಗಿದೆ ಎಂದು ಟ್ಯಾಂಕರ್ ಡ್ರೈವರ್ ಫೋನ್ ಮಾಡಿ ಹೇಳಿದ.

ನೀರಿಳಿದ ಮೇಲೆ ಹೋದೆ. ಪಾಟಿಯ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಅದರಡಿ ಸಿಕ್ಕಿ ಎರಡು ಮೇಕೆ ಸತ್ತಿದ್ದವು.

ಅವರು ಕೆಸರು ಬಾಚುತ್ತಿದ್ದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಎಷ್ಟೋ ಪುಯಲ್ ಮಳೆ ನೋಡಿದೀನಮ್ಮಾ. ನೀರು ಬರೋದು, ಹೋಗೋದು. ಮಣ್ಣು ಬಂದಿದ್ದು ಇದೇ ಮೊದಲು" ಎಂದರು ತಮಿಳಿನಲ್ಲಿ. ಮತ್ತಷ್ಟು ಕೆಸರು ಬಾಚಿ ಹಾಕಿ, "ಬರೋ ವರ್ಷಾನೂ ಗಿಡ ನೆಡ್ತೀರಾ?"

ಚೂಡಿದಾರ್ ಮಡಚಿಕೊಂಡು ಇನ್ನೊಂದು ಸಲಿಕೆ ಎತ್ತಿಕೊಂಡೆ.

ಆಫೀಸಿನಲ್ಲಿ ಮ್ಯಾನೇಜರಿಗೆ ಎಲ್ಲ ಹೇಳಿದೆ. ಗೋಡೆ ಕಟ್ಟಿಸಿಕೊಟ್ಟರು, ಅದರಲ್ಲಿ ತಕರಾರಿಲ್ಲ. ಆದರೆ ಅಲ್ಲಿ ಹುಲ್ಲನ್ನೇ ಮತ್ತೆ ಬೆಳೆಯಲು ಬಿಡೋಣ ಎಂದಾಗ ನಕ್ಕರು.

"ಹುಲ್ಲು ಬೆಳೆಸೋಕೆ ಒಂದು ಪ್ರೋಗ್ರಾಮಾ ಮೇಡಂ? ಫೋಟೋದಲ್ಲಿ ಏನು ತೋರಿಸೋದು?"

ಮೂರು ಪತ್ರ ಬರೆದೆ. ಕೊನೆಗೆ ಆ ಜಾಗವನ್ನು ಬಿಟ್ಟರು... ಕಾರ್ಯಕ್ರಮವನ್ನು ಇನ್ನೊಂದು 'ಬಂಜರು' ಜಾಗಕ್ಕೆ ಸಾಗಿಸಿದರು. ಉಸ್ತುವಾರಿ ಬೇರೆಯವರಿಗೆ ಹೋಯಿತು.

ಈಗ ಭಾನುವಾರಗಳಂದು ಪುರಸೈವಾಕ್ಕಂನ ನಮ್ಮ ಮನೆಯಿಂದ ಹೊರಟು ಟ್ರೈನ್ ಹಿಡಿದು ಅಲ್ಲಿಗೆ ಹೋಗುತ್ತೇನೆ. ಬೋಳಾದ ನೆಲಕ್ಕೆ ಮೊದಲು ಬಂದದ್ದು ಹುಲ್ಲಲ್ಲ, ಬಳ್ಳಾರಿ ಜಾಲಿ. ಅದನ್ನು ಎಳೆಯದಿದ್ದಾಗಲೇ ಕೀಳಬೇಕು. ಒಂದು ಕಿತ್ತರೆ ಮುಂದಿನ ವಾರ ನಾಲ್ಕು ಇರುತ್ತವೆ.

ಪಾಟಿ ಗುಡ್ಡದಂಚಿನಿಂದ ಹುಲ್ಲಿನ ಬೀಜ ಸೆರಗಿನಲ್ಲಿ ತಂದು ಎರಚುತ್ತಾರೆ. ಐದಾರು ಜಾತಿಯವು. ಯಾವುದಾದರೂ ಒಂದನ್ನೇ ಹಾಕಿದರೆ ಸಾಲದೇ ಎಂದು ಕೇಳಿದ್ದೆ.

"ಒಂದು ಬಿಸಿಲಿಗೆ ಸತ್ತರೆ ಇನ್ನೊಂದು ನಿಲ್ಲುತ್ತೆ. ಅದು ನೀರಲ್ಲಿ ಕೊಳೆತರೆ ಮತ್ತೊಂದು ಬರುತ್ತೆ. ಯಾವ ವರ್ಷ ಹೇಗಿರುತ್ತೋ, ಯಾರಿಗಮ್ಮಾ ಗೊತ್ತು?"

ನಾನು ನೋಟ್ಸ್ ಮಾಡಿಕೊಂಡು ಕೂತ ಯಾವ ಸೆಮಿನಾರಿನಲ್ಲೂ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

"ಇನ್ನೂ ಎಷ್ಟು ವಾರಾನೇ? ಒಂದು ಆಳಿಟ್ಟು ಮಾಡ್ಸಿಬಿಡು" ಎನ್ನುತ್ತಾರೆ ನಮ್ಮ ಮನೆಯವರು, ನನ್ನ ಸೊಂಟಕ್ಕೆ ಮುಲಾಮು ಹಚ್ಚುತ್ತಾ.

ಎರಡು ವರ್ಷವಾಯಿತು. ಇಳಿಜಾರಿನ ಕಾಲು ಭಾಗಕ್ಕೆ ಹುಲ್ಲು ಬಂದಿದೆ, ಅಷ್ಟೇ. ಕಿತ್ತದ್ದು ಒಂದು ಬೆಳಗಿನಲ್ಲಿ.

ಒಳ್ಳೆಯದೆಂದುಕೊಂಡೇ ನೀವು ಏನನ್ನಾದರೂ ಹಾಳು ಮಾಡಿದ್ದುಂಟಾ? ಅದನ್ನು ಸರಿ ಮಾಡಲು ನಿಮಗೆ ಎಷ್ಟು ಕಾಲ ಹಿಡಿಯಿತು?