ಎತ್ತಿನ ಬೆನ್ನ ಮೇಲಿನ ಉಂಡೆ

ಕೈ ಸುಮ್ಮನಿಟ್ಟುಕೊಂಡು ಕೂರುವುದೊಂದನ್ನು ಬಿಟ್ಟು ಮಾಳಮ್ಮನಿಗೆ ಉಳಿದದ್ದೆಲ್ಲ ಬರುತ್ತಿತ್ತು. ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವಾಗಲೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹರಿದ ಬುಟ್ಟಿಯ ಅಂಚು ಹೆಣೆಯುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಓಣಿಯ ಅರ್ಧ ಮನೆಗಳ ಪೂಜೆಯ ಮಣ್ಣಿನ ಎತ್ತು ಅವಳ ಕೈಯಲ್ಲೇ ಆಗಬೇಕು. ಅಂಥವಳು ನಾಲ್ಕು ವರ್ಷದ ಹಿಂದೆ ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಒಂದು ಮಾಂಟೆಸರಿ ಶಾಲೆಗೆ ಆಯಾ ಆಗಿ ಸೇರಿದಳು. ಬೆಳಗಿನ ಬಸ್ಸಿಗೆ ಹೊರಟು ಸಂಜೆ ತಿರುಗಿ ಬರುವುದು.

ಶಾಲೆ ನಡೆಸುವ ಮಂಜುಷಾ ತಮ್ಮ ಮನೆಯ ಕೆಳಗಿನ ಭಾಗವನ್ನೇ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಬಣ್ಣ, ಮಣ್ಣು, ಹಾಡು, ಕುಣಿತ. ಅದರೊಳಗೇ ಅಕ್ಷರ, ಅದರೊಳಗೇ ಎಣಿಕೆ. ಪ್ರತಿ ಮಗುವಿಗೂ ಒಂದು ಚಾಪೆ. ಮಗುವಿನ ಕೆಲಸವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ದೊಡ್ಡವರಂತೂ ಮುಟ್ಟಲೇಬಾರದು. ಈ ನಿಯಮಕ್ಕೆ ಮಾಳಮ್ಮ ತಲೆಯಾಡಿಸಿದ್ದಳು. ಮನಸ್ಸಿನಲ್ಲಿ ಮಾತ್ರ, ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದರೆ ಯಾರಪ್ಪನ ಗಂಟೇನು ಹೋಗುತ್ತದೆ ಎಂದುಕೊಂಡಿದ್ದಳು.

ಈ ವರ್ಷ ಅಮಾವಾಸ್ಯೆಗೆ ಒಂದು ವಾರವಿರುವಾಗ ಮಂಜುಷಾ ಮಕ್ಕಳ ಕೈಗೆ ಎತ್ತು ಮಾಡಲು ಮಣ್ಣು ಕೊಟ್ಟರು. ಮಾಳಮ್ಮನೇ ಊರ ಹೊಲದಿಂದ ತಂದ ಕರಿಮಣ್ಣು ಅದು. ಮೋಮಿನಪುರದಿಂದ ಬರುವ ನಾಲ್ಕು ವರ್ಷದ ಸನಾ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು, ಮೊಣಕೈವರೆಗೆ ಕೆಸರು ಮಾಡಿಕೊಂಡು ಒಂದು ಎತ್ತು ಮಾಡಿದಳು. ಒಂದು ಕೊಂಬು ಉದ್ದ, ಒಂದು ಗಿಡ್ಡ, ಬೆನ್ನ ಮೇಲೆ ಎಂಥದೋ ಒಂದು ಉಂಡೆ.

ಮರುದಿನ ಪಾಲಕರು ನೋಡಲು ಬರುವವರಿದ್ದರು. ಶಾಲೆಗೆ ಸೇರಿದ ಹೊಸದರಲ್ಲಿ ಅತ್ತು ಅತ್ತು ಮಾಳಮ್ಮನ ಬೆನ್ನಿಗೆ ಆತುಕೊಂಡೇ ನಿದ್ದೆ ಹೋಗುತ್ತಿದ್ದ ಕೂಸು ಈ ಸನಾ. ನಾಲ್ಕು ಜನ ಅವಳ ಎತ್ತು ನೋಡಿ ನಕ್ಕರೆ ಮಾಳಮ್ಮನ ಕರುಳು ತಡೆದೀತೇ? ಸಂಜೆ ಕಸ ಗುಡಿಸುವಾಗ ಯಾರೂ ಇಲ್ಲದ್ದು ನೋಡಿ ಎತ್ತಿನ ಬೆನ್ನ ಮೇಲಿನ ಉಂಡೆಯನ್ನು ಹೆಬ್ಬೆರಳಿನಿಂದ ಸವರಿ ಅಳಿಸಿದಳು, ಕೊಂಬು ಸಮ ಮಾಡಿದಳು. ಎರಡೇ ನಿಮಿಷ. ಎತ್ತು ಗಾಡಿಗೆ ಹೂಡುವಷ್ಟು ಚೆನ್ನಾಯಿತು.

ಬೆಳಿಗ್ಗೆ ಸನಾ ಓಡಿಬಂದವಳು ಎತ್ತುಗಳನ್ನಿಟ್ಟಿದ್ದ ಕಪಾಟಿನ ಮುಂದೆ ನಿಂತುಬಿಟ್ಟಳು.

"ಇದು ನಂದಲ್ಲ."

"ನಿಂದೇ ನೋಡವ್ವಾ, ಎಷ್ಟು ಛಂದ ಆಗ್ಯದ!" ಎಂದಳು ಮಾಳಮ್ಮ.

"ನಂದ್ರಾಗ ಕರು ಇತ್ತು. ನಡ್ದು ನಡ್ದು ಸುಸ್ತಾಗಿ ಮ್ಯಾಲ ಮಲ್ಕೊಂಡಿತ್ತು. ಎಲ್ಲಿ ಹೋತು?"

ಮಾಳಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಪಾಲಕರೆಲ್ಲ ಆ ಎತ್ತನ್ನೇ ಹೊಗಳಿದರು. ಸನಾ ಅತ್ತ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಮೂರು ದಿನ ಮಣ್ಣು ಮುಟ್ಟಲಿಲ್ಲ, ಬಣ್ಣವನ್ನೂ ಮುಟ್ಟಲಿಲ್ಲ. ಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡು, "ನಂಗ ಬರಂಗಿಲ್ಲ" ಎನ್ನುತ್ತಿದ್ದಳು. ಮಾಳಮ್ಮನಿಗೆ ಆ ಮಾತು ಗೊತ್ತಿತ್ತು. ಮೂರನೇ ಇಯತ್ತೆಯಲ್ಲಿ ಪಾಟಿ ಕೆಳಗಿಟ್ಟು ಅದೇ ಮಾತು ಹೇಳಿ ತಾನು ಶಾಲೆ ಬಿಟ್ಟಿದ್ದಳು. ಈ ಕೂಸಿಗೂ ಹಾಗೇ ಆದರೆ ಎಂದು ಅವಳಿಗೆ ಅನ್ನ ಸೇರದಾಯಿತು.

ನಾಲ್ಕನೇ ದಿನ ಮಂಜುಷಾರ ಮುಂದೆ ನಿಂತಳು. "ಅಕ್ಕಾರ, ಆ ಎತ್ತು ನಾ ತಿದ್ದೀನ್ರಿ. ಕೆಲಸದಿಂದ ತಗದ್ರೂ ತಗೀರಿ."

ಮಂಜುಷಾ ಕೈಯಲ್ಲಿದ್ದ ಬಣ್ಣದ ಡಬ್ಬಿ ಕೆಳಗಿಟ್ಟರು. "ಹೇಳಿದ್ದು ಛಲೋ ಆತು ಮಾಳಮ್ಮಾ. ಆದ್ರ ಹೇಳಬೇಕಾಗಿದ್ದು ನನಗಲ್ಲ."

ಮಾಳಮ್ಮ ಹೋಗಿ ಸನಾಳ ಚಾಪೆಯ ಪಕ್ಕ ನೆಲಕ್ಕೆ ಕೂತಳು. "ನಿನ್ನ ಕರು ನಾನೇ ಅಳಿಸೀನವ್ವಾ. ತಿಳೀಲಿಲ್ಲ. ತಪ್ಪಾತು."

ಸನಾ ಕೈ ಹಿಂದೆ ಕಟ್ಟಿಕೊಂಡಳು. ಮಾಳಮ್ಮ ಮಣ್ಣು ನಾದಿ ಹೊಸ ಎತ್ತು ಮಾಡಿ ಮುಂದಿಟ್ಟಳು. "ಎತ್ತು ಮಾಡೀನಿ. ಕರು ಹ್ಯಾಂಗ ಮಲಗಸ್ಬೇಕು? ನಂಗ ಬರಂಗಿಲ್ಲ."

ಕಡೆಗೆ ಸನಾ ಚಿಟಿಕೆ ಮಣ್ಣು ತೆಗೆದು, ಉಂಡೆ ಮಾಡಿ ಬೆನ್ನ ಮೇಲೆ ಒತ್ತಿದಳು. ಒತ್ತಿದ ರಭಸಕ್ಕೆ ಎತ್ತಿನ ಹಿಂಗಾಲು ಕುಸಿದು ಕೂತಿತು. ಮಾಳಮ್ಮನ ಬೆರಳುಗಳು ಚಡಪಡಿಸಿದವು. ಎರಡೂ ಕೈಯನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತಳು.

"ಛಂದ ಆಗ್ಯದವ್ವಾ!"

"ಮೆಲ್ಲಗ ಮಾತಾಡು," ಎಂದಳು ಸನಾ, "ನಿದ್ದಿ ಹತ್ಯದ ಅದಕ್ಕ."

ಅಮಾವಾಸ್ಯೆಯ ದಿನ ಕಮಲಾಪುರದ ಮನೆಯ ಜಗಲಿಯ ಮೇಲೆ ಮಾಳಮ್ಮ ಜೋಡೆತ್ತು ಇಟ್ಟಳು. ಅವಳ ಗಂಡ ಭೀಮಶಾ ಬಗ್ಗಿ ನೋಡಿ, "ಇದೇನು, ಒಂದರ ಬೆನ್ನಿಗಿ ಬಾವು ಬಂದದಲ್ಲ?" ಎಂದು ಬೆರಳು ಚಾಚಿದ.

"ಮುಟ್ಟಬ್ಯಾಡ್ರಿ," ಎಂದಳು ಮಾಳಮ್ಮ ಮೆಲ್ಲಗೆ. "ಕರು ಮಲಗ್ಯದ."